ಹ್ಯಾಂಡಲ್ಲಿಗೆ ನೇತುಹಾಕಿದ ಟವಲ್ಲು

ನಮ್ಮ ಮನೆಯವರ ಟವಲ್ಲಿನ ಬಗ್ಗೆ ಊರಿನಲ್ಲಿ ಒಂದು ಮಾತಿತ್ತು. ಮನೆಗೆ ಕಳ್ಳ ನುಗ್ಗಿದರೂ ಅದೊಂದನ್ನು ಮುಟ್ಟದೆ ಹೋಗುತ್ತಾನೆ ಅಂತ. ಅಷ್ಟು ಕೊಳಕು. ನಾಲ್ಕು ವರ್ಷ ನಾನು ಅದನ್ನು ಒಗೆಯಲಿಲ್ಲ. ಅವರೇ ಯಾವಾಗಲಾದರೂ ತೊಟ್ಟಿಯಲ್ಲಿ ಅದ್ದಿ, ಹಿಂಡಿ, ಮತ್ತೆ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. "ಹಿಂದೂಪುರದೋಳಿಗೆ ಗಂಡನ ಟವಲ್ ಒಗಿಯಾಕೆ ಸೊಂಟ ಬಗ್ಗಲ್ಲ" ಎಂದು ಓರಗಿತ್ತಿಯರು ನನಗೆ ಕೇಳಿಸುವಂತೆಯೇ ಆಡಿಕೊಳ್ಳುತ್ತಿದ್ದರು. ಒಂದು ಮಾತಿಗೆ ಎರಡು ತಿರುಗಿಸಿ ಕೊಡುವ ಬಾಯಿ ನನ್ನದು. ಈ ಒಂದು ವಿಷಯದಲ್ಲಿ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ.

ನಿಜ ಹೇಳಬೇಕೆಂದರೆ ಬಟ್ಟೆ ಒಗೆಯುವುದರಲ್ಲಿ ನಾನು ಗಟ್ಟಿಗಿತ್ತಿ. ನನ್ನ ತವರು ಹಿಂದೂಪುರದಿಂದ ಕೊಡಿಕೊಂಡಕ್ಕೆ ಹೋಗುವ ಕಡೆಯ ಒಂದು ಹಳ್ಳಿ. ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಕೊಳಕು ಬಟ್ಟೆ ಇದ್ದಲ್ಲಿ ಹುಳುವಿಗೆ ರೋಗ ಬರುತ್ತದೆ ಎಂದು ಅಮ್ಮ ಕಂಡಕಂಡದ್ದನ್ನೆಲ್ಲ ನೆನೆಹಾಕುತ್ತಿದ್ದಳು. ಆ ಗಾಳಿ ನನಗೂ ಬೀಸಿತ್ತು. ಗೂಟದ ಮೇಲೆ, ಬೇಲಿಯ ಮೇಲೆ ಎಲ್ಲೇ ಕೊಳೆಬಟ್ಟೆ ಕಂಡರೂ ನನ್ನ ಕೈ ತಾನಾಗಿ ಅತ್ತ ಹೋಗುತ್ತಿತ್ತು. ಅಮ್ಮ ಕಲಿಸಿದ ಈ ಒಳ್ಳೆಯ ಬುದ್ಧಿಯೇ ಒಂದು ದಿನ ನನ್ನ ತಾಳಿಗೆ ಕುತ್ತು ತರುವುದರಲ್ಲಿತ್ತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಮದುವೆಯಾಗಿ, ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿ, ಕುಂದುರ್ಪಿ ಕಡೆಯ ಈ ಊರಿಗೆ ಬಂದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಜಗಳಕ್ಕೆ ನಿಂತರೆ ಎರಡೂ. ಅದೆಲ್ಲ ತವರಿನಂತೆಯೇ ಇತ್ತು. ಹೊಸದಾಗಿ ಕಂಡದ್ದು ಕರೆಂಟಿನ ಪಾಡು. ತವರಿನಲ್ಲಿ ಲೈನ್‌ಮ್ಯಾನ್ ಮನೆ ಪಕ್ಕದ ಬೀದಿಯಲ್ಲೇ ಇದ್ದ, ಕೂಗಿದರೆ ಬರುತ್ತಿದ್ದ. ಇಲ್ಲಿ ಹತ್ತಾರು ಹಳ್ಳಿಗೆ ಒಬ್ಬನೇ ಲೈನ್‌ಮ್ಯಾನು. ಇವತ್ತು ಹೇಳಿ ಕಳಿಸಿದರೆ ನಾಳೆಯೋ ನಾಡಿದ್ದೋ ಬರುತ್ತಿದ್ದ.

ಹೊಲದ ಬೋರುಗಳಿಗೆಲ್ಲ ಇದ್ದದ್ದು ಒಂದೇ ಟ್ರಾನ್ಸ್‌ಫಾರ್ಮರು. ಮೋಟಾರಿನ ಕರೆಂಟು ದಿನಕ್ಕೆ ಕೆಲವೇ ಗಂಟೆ ಬರುತ್ತಿತ್ತು. ಅದು ಬಂದ ಕೂಡಲೇ ಮೋಟಾರು ತಾನಾಗಿಯೇ ಹೊರಡಲೆಂದು ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಸಿಕೊಂಡಿದ್ದರು. ಕರೆಂಟು ಬಂತೆಂದರೆ ಊರಿನ ಮೋಟಾರುಗಳೆಲ್ಲ ಒಂದೇ ಉಸಿರಿಗೆ ಎಳೆಯುತ್ತಿದ್ದವು, ಟ್ರಾನ್ಸ್‌ಫಾರ್ಮರು ಗೊಂಯ್ ಎಂದು ನರಳಿ ಫೀಜು ಹಾರಿಹೋಗುತ್ತಿತ್ತು. ಆಗ ಎಲ್ಲರೂ ನಮ್ಮ ಮನೆಯ ಮುಂದೆ. ಊರಿಗೆ ಫೀಜು ಹಾಕುವವರು ನನ್ನ ಗಂಡ. ಸಂಬಳವಿಲ್ಲ, ಸಾರಿಗೆಯಿಲ್ಲ, ಬರೀ ಹೆಸರು. ಲೈನ್‌ಮ್ಯಾನ್ ಮಾಡುವುದನ್ನು ನೋಡಿ ನೋಡಿ ಕಲಿತದ್ದು. ಓದಿದ್ದು ಏಳನೇ ಕ್ಲಾಸು, ಹತ್ತಿದ್ದು ಟ್ರಾನ್ಸ್‌ಫಾರ್ಮರು ಎಂದು ನಾನು ಹಾಸ್ಯ ಮಾಡಿದರೆ ಅವರಿಗೆ ಅದೂ ಹೆಮ್ಮೆಯೇ.

ಟ್ರಾನ್ಸ್‌ಫಾರ್ಮರಿನ ಪಕ್ಕದ ಸ್ವಿಚ್ಚು ತುಕ್ಕು ಹಿಡಿದು ಎಂದೋ ಕೆಟ್ಟಿತ್ತು. ಹಾಗಾಗಿ ಲೈನು ಆಫ್ ಮಾಡಬೇಕೆಂದರೆ ರಸ್ತೆಯ ತಿರುವಿನ ಕಂಬಕ್ಕೆ ಬರಬೇಕು. ಆ ಕಂಬದಲ್ಲಿ ಎದೆಯೆತ್ತರಕ್ಕೆ ಒಂದು ಕಬ್ಬಿಣದ ಹಿಡಿ, ಅದನ್ನೇ ಹ್ಯಾಂಡಲ್ ಅನ್ನುತ್ತಿದ್ದರು. ಕೆಳಗೆ ಎಳೆದರೆ ಲೈನು ಆಫು, ಮೇಲೆತ್ತಿದರೆ ಆನು. ಅಲ್ಲಿಂದ ಟ್ರಾನ್ಸ್‌ಫಾರ್ಮರು ಎರಡು ಹೊಲ ಆಚೆ, ಹುಣಸೆಮರದ ಮರೆಯಲ್ಲಿ. ಹ್ಯಾಂಡಲ್ ಹತ್ತಿರ ನಿಂತವರಿಗೆ ಟ್ರಾನ್ಸ್‌ಫಾರ್ಮರಿನ ಮೇಲೆ ಯಾರಿದ್ದಾರೆಂದು ಕಾಣುತ್ತಿರಲಿಲ್ಲ. ಅದಕ್ಕೇ ಊರಿನವರು ಒಂದು ಪದ್ಧತಿ ಮಾಡಿಕೊಂಡಿದ್ದರು. ಹ್ಯಾಂಡಲ್ ಎಳೆದವನು ತನ್ನ ಟವಲ್ಲನ್ನು ಅದಕ್ಕೆ ನೇತುಹಾಕಿ ಹೋಗಬೇಕು. ಟವಲ್ಲು ಇರುವಷ್ಟು ಹೊತ್ತು ಎಂಥವನೇ ಆಗಲಿ ಹ್ಯಾಂಡಲ್ ಮುಟ್ಟುವ ಹಾಗಿಲ್ಲ. ಕೆಲಸ ಮುಗಿಸಿ ಬಂದವನು ಟವಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು ಹ್ಯಾಂಡಲ್ ಎತ್ತುತ್ತಾನೆ.

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಯಾರಿಗೆ ಹೇಳುತ್ತಾರೆ? ಇವರು ಫೀಜು ಹಾಕಲು ಹೊರಟಾಗಲೆಲ್ಲ ಅತ್ತೆ ಒಳಗಿನಿಂದ, "ಟವಲ್ ಮರೀಬ್ಯಾಡ ಕಣ್ಲಾ" ಎಂದು ಕೂಗುತ್ತಿದ್ದರು. ಬಿಸಿಲಿಗೆ ತಲೆ ಕಾಯುತ್ತದೆ ಎಂದು ಹೇಳುತ್ತಿದ್ದಾರೆ ಅಂದುಕೊಂಡೆ. ಮೀಸೆ ಬಂದ ಮಗನಿಗೆ ಇದೇನು ಮುದ್ದು ಎಂದು ಒಳಗೊಳಗೇ ಸಿಡುಕುತ್ತಲೂ ಇದ್ದೆ.

ಮದುವೆಯಾಗಿ ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಫೀಜು ಹಾರಿತೆಂದು ಯಾರೋ ಕರೆದರು, ಇವರು ಹೋದರು. ಸ್ವಲ್ಪ ಹೊತ್ತಿಗೆ ನಾನು ಬಟ್ಟೆ ಗಂಟು ಹೊತ್ತುಕೊಂಡು ತಿರುವಿನ ತೊಟ್ಟಿಗೆ ಹೋದೆ. ತೊಟ್ಟಿಯಿಂದ ಹ್ಯಾಂಡಲ್ಲಿನ ಕಂಬ ಇಪ್ಪತ್ತು ಹೆಜ್ಜೆ. ನೋಡುತ್ತೇನೆ, ಹ್ಯಾಂಡಲ್ಲಿಗೆ ಇವರ ಟವಲ್ಲು ತೂಗಾಡುತ್ತಿದೆ. ಮಸಿ, ಎಣ್ಣೆ, ಬೆವರು. ಮರೆತು ಹೋಗಿದ್ದಾರೆ, ಊರವರು ಇದನ್ನು ನೋಡಿದರೆ ನನ್ನನ್ನು ಏನೆಂದಾರು ಎಂದು ನಾಚಿಕೆಯಾಯಿತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಟವಲ್ಲು ತೆಗೆದುಕೊಂಡು ಬಂದು, ನಿನ್ನೆಯ ನೀರು ತೊಟ್ಟಿಯಲ್ಲಿತ್ತಲ್ಲ, ಅದರಲ್ಲಿ ಅದ್ದಿ, ಸೋಪು ಬಳಿದು, ಕಲ್ಲಿಗೆ ಕುಕ್ಕತೊಡಗಿದೆ.

ಆಗ ದೊಡ್ಡಮಾವ ಬಂದರು. ನಮ್ಮ ಮಾವನವರ ಅಣ್ಣ. ತಿರುವಿನ ಹೊಲ ಅವರದೇ. ಅವರೆದುರು ನಾನು ಸೆರಗು ಹೊದ್ದು ಪಕ್ಕಕ್ಕೆ ಸರಿಯುವುದೇ ಹೊರತು ಒಂದು ಮಾತೂ ಆಡಿದವಳಲ್ಲ. ಸೊಸೆಯರು ಅವರೊಂದಿಗೆ ಮಾತಾಡುವ ರೂಢಿಯೇ ಆ ಮನೆಯಲ್ಲಿರಲಿಲ್ಲ. ಅವರು ಟೊಮೇಟೊ ಸಾಲಿಗೆ ನೀರು ಬರಲಿಲ್ಲವೆಂದು ಗೊಣಗುತ್ತ ಕಂಬದ ಹತ್ತಿರ ಹೋಗಿ ಹ್ಯಾಂಡಲ್ ನೋಡಿದರು. ಆಮೇಲೆ ತಮ್ಮಷ್ಟಕ್ಕೆ ತಾವೇ ಅಂದರು, "ಟವಲ್ ಇಲ್ಲ. ಆಗ್ಲೇ ಇಳ್ದೋಗವ್ನೆ. ಹ್ಯಾಂಡ್ಲ್ ಎತ್ತಾದ್ ಮರ್ತವ್ನೆ ನೋಡು."

ಆ ಮಾತು ಕಿವಿಗೆ ಬಿದ್ದಾಗ ನೊರೆ ತುಂಬಿದ ಟವಲ್ಲು ನನ್ನ ಕೈಯಲ್ಲಿತ್ತು. ಅತ್ತೆ ದಿನಾ ಕೂಗುತ್ತಿದ್ದದ್ದು ಯಾತಕ್ಕೆಂದು ಆ ಕ್ಷಣಕ್ಕೆ ಹೊಳೆಯಿತು. ಒಗೆಯುವ ಕಲ್ಲಿನ ಮೇಲೆ ನಿಂತರೆ ಹುಣಸೆಮರದ ಪಕ್ಕದಿಂದ ಟ್ರಾನ್ಸ್‌ಫಾರ್ಮರು ಕಾಣುತ್ತದೆ. ನಿಂತು ನೋಡಿದೆ. ಇವರು ಮೇಲೆಯೇ ಇದ್ದರು. ಮೇಲಿನ ಫೀಜಿಗೆ ಎರಡು ಕೈಯೂ ಚಾಚಿದ್ದರು.

"ಬ್ಯಾಡ!"

ಅದು ನನ್ನ ಗಂಟಲೇ ಎಂದು ನನಗೇ ನಂಬಿಕೆಯಾಗಲಿಲ್ಲ. ದೊಡ್ಡಮಾವನಿಗೆ ನಾನು ಆಡಿದ ಮೊದಲ ಮಾತು ಅದೇ. ಹಿಡಿಯ ಮೇಲೆ ಇಟ್ಟಿದ್ದ ಕೈ ಹಾಗೇ ಇಟ್ಟುಕೊಂಡು ಅವರು ತಿರುಗಿದರು. ಕಣ್ಣಲ್ಲಿ ಸಿಟ್ಟಿತ್ತು, ಸೊಸೆಯೊಬ್ಬಳು ಹೀಗೆ ಕಿರುಚುವುದೇ ಅಂತ. ನಾನು ಬರಿದಲೆಯಲ್ಲಿ ಓಡಿಬಂದೆ. ಕೈಯಲ್ಲಿ ನೀರು ಸೋರುವ ಟವಲ್ಲು, ಇನ್ನೊಂದು ಕೈ ಹುಣಸೆಮರದ ಕಡೆಗೆ. ಅವರು ಟವಲ್ಲು ನೋಡಿದರು, ಮರದ ಕಡೆ ನೋಡಿದರು, ಹಿಡಿಯಿಂದ ಕೈ ತೆಗೆದು ಅಲ್ಲೇ ಮಣ್ಣಲ್ಲಿ ಕುಸಿದು ಕೂತರು.

ಕೂತಲ್ಲಿಂದಲೇ ಕೇಳಿದರು. "ಒಗಿಯಾಕೆ ತಗಂಡ್ಯೇನಮ್ಮ?"

ತಲೆಯಾಡಿಸಿದೆ.

ಬೈಯುತ್ತಾರೆ ಅಂದುಕೊಂಡೆ. ಅವರು ಎದ್ದು ತಲೆಯ ರುಮಾಲು ಬಿಚ್ಚಿ ಹ್ಯಾಂಡಲ್ಲಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದರು. ಆಮೇಲೆ ಅಂದರು, "ಈ ಮಾತು ಇಲ್ಲೇ ಸಾಯ್ಲಿ ಕಣಮ್ಮ. ಅವ್ನಿಗೆ ತಿಳುದ್ರೆ ಇನ್ನ್ ಮ್ಯಾಲೆ ಹತ್ದಾಗೆಲ್ಲ ಕೈ ನಡುಗ್ತದೆ. ಮ್ಯಾಲಿದ್ದಾಗ ಕೈ ನಡುಗ್ಬಾರ್ದು."

ಇವರು ಇಳಿದು ಬಂದಾಗ ಟವಲ್ಲಿನ ಜಾಗದಲ್ಲಿ ರುಮಾಲಿತ್ತು. "ನಿನ್ ಟವಲ್ ಗಾಳಿಗೆ ಬಿದ್ದು ಕೆಸರಾಗಿತ್ತು ಕಣ್ಲಾ, ನಿನ್ನೆಂಡ್ತಿ ಒಗಿತಾವ್ಳೆ" ಎಂದರು ದೊಡ್ಡಮಾವ. ಇವರು ನಂಬಿದರು. ಬೆವರು ಒರೆಸಿಕೊಳ್ಳುತ್ತ, ಏನೂ ಆಗದವರ ಹಾಗೆ ನನ್ನ ಕಡೆ ನೋಡಿ ನಕ್ಕರು. ಹೋದ ಜೀವ ಬರುವುದು ಅಂದರೇನೆಂದು ಆಗ ತಿಳಿಯಿತು. ನಾನು ತೊಟ್ಟಿಗೆ ಬಾಗಿ ಮುಖಕ್ಕೆ ನೀರು ಹಾಕಿಕೊಂಡೆ, ಅಳುವುದು ಕಾಣಬಾರದೆಂದು.

ಅವತ್ತಿನಿಂದ ಆ ಟವಲ್ಲನ್ನು ನಾನು ಮುಟ್ಟಲಿಲ್ಲ. ಇನ್ನೊಂದು ರೂಢಿಯೂ ಬಂತು. ಫೀಜು ಹಾರಿ ಇವರು ಹೊರಟರೆ ನಾನೂ ಬಟ್ಟೆ ಹೊತ್ತುಕೊಂಡು ತೊಟ್ಟಿಗೆ ಹೊರಡುತ್ತಿದ್ದೆ. ಇವರು ಇಳಿದು ಬರುವ ತನಕ ಹ್ಯಾಂಡಲ್ ಮೇಲೆ ಕಣ್ಣಿಟ್ಟು ಕೂರುತ್ತಿದ್ದೆ. ಒಗೆಯಲು ಬಟ್ಟೆಯೇ ಇಲ್ಲದ ದಿನ ಒಗೆದದ್ದನ್ನೇ ಮತ್ತೆ ಒಗೆದೆ. ಮನೆಯ ಗೋಣಿಚೀಲಗಳೂ ಬೆಳ್ಳಗಾದವು. ಗಂಡನ ಟವಲ್ಲೊಂದೇ ಕಪ್ಪು. ಇವರಂತೂ ಇದು ಪ್ರೀತಿ ಎಂದು ತಿಳಿದು ಬೀಗುತ್ತಿದ್ದರು, "ನನ್ ಬಿಟ್ಟು ಒಂದ್ ಗಳಿಗೆ ಇರಾಕಾಗಲ್ಲ ಇವ್ಳಿಗೆ" ಎಂದು ಅತ್ತೆಯ ಮುಂದೆ ಛೇಡಿಸುತ್ತಿದ್ದರು. ಪ್ರೀತಿಯೇ ಇರಬಹುದು. ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

ನಾಲ್ಕು ವರ್ಷದ ಮೇಲೆ ಕರೆಂಟ್ ಆಫೀಸಿನವರು ಲಾರಿಯಲ್ಲಿ ಕಂಬ, ತಂತಿ, ಚಿಕ್ಕ ಚಿಕ್ಕ ಟ್ರಾನ್ಸ್‌ಫಾರ್ಮರುಗಳನ್ನು ತಂದಿಳಿಸಿದರು. ಇನ್ನು ಮೇಲೆ ಮೂರು ನಾಲ್ಕು ಬೋರಿಗೆ ಒಂದರಂತೆ. ಭಾರ ಹಂಚಿಹೋಗುವುದರಿಂದ ಫೀಜು ಹಾರುವುದು ಕಮ್ಮಿಯಂತೆ. ಪ್ರತಿಯೊಂದಕ್ಕೂ ಪಕ್ಕದಲ್ಲೇ ಅದರದೇ ಸ್ವಿಚ್ಚು, ಸ್ವಿಚ್ಚಿಗೆ ಬೀಗ. ಹಳೆಯದನ್ನು ಹಗ್ಗ ಕಟ್ಟಿ ಇಳಿಸುವಾಗ ಊರೆಲ್ಲ ನೋಡಲು ಹೋಗಿತ್ತು. ನನಗೆ ತವರಿಗೆ ಬಸ್ಸು ಹತ್ತಿದಷ್ಟು ಹಗುರವಾಯಿತು.

ಆ ಹಗುರ ಹೆಚ್ಚು ದಿನ ಉಳಿಯಲಿಲ್ಲ. ಕೆಲಸ ಮುಗಿದ ಮೇಲೆ ಸ್ಕೂಲಿನ ಅಂಗಳದಲ್ಲಿ ಮೀಟಿಂಗ್ ಕರೆದರು. ಕಲ್ಯಾಣದುರ್ಗದಿಂದ ಎಂಜಿನಿಯರು ಬಂದಿದ್ದರು, ಲೈನ್‌ಮ್ಯಾನೂ ಇದ್ದ. ಎಂಜಿನಿಯರು ತೆಲುಗಿನಲ್ಲಿ ಹೇಳಿದ್ದು ಇಷ್ಟು. ಬೀಗದ ಕೈ ಲೈನ್‌ಮ್ಯಾನ್ ಹತ್ತಿರವೇ ಇರುತ್ತದೆ, ಊರವರು ಯಾರೂ ಟ್ರಾನ್ಸ್‌ಫಾರ್ಮರು ಹತ್ತಬಾರದು. ಜನ ಗೊಣಗಿದರು. ಲೈನ್‌ಮ್ಯಾನ್ ಬರುವ ತನಕ ಸಸಿ ಒಣಗಬೇಕೇ ಎಂದರು. ಆಗ ನನ್ನ ಗಂಡ ಎದ್ದು ನಿಂತರು.

"ಸಾರ್, ಒಂದ್ ಬೀಗದ ಕೈ ನನ್ಗೆ ಕೊಡ್ರಿ. ನಾನ್ ನೋಡ್ಕಂತೀನಿ."

"ನುವ್ವು ಪೈನ ಉನ್ನಪ್ಪುಡು ಎವರೈನಾ ಸ್ವಿಚ್ ವೇಸ್ತೇ?" ಎಂದು ಕೇಳಿದರು ಎಂಜಿನಿಯರು. ನೀನು ಮೇಲಿದ್ದಾಗ ಯಾರಾದರೂ ಸ್ವಿಚ್ ಹಾಕಿದರೆ?

"ನಮ್ಮೂರಾಗೆ ಟವಲ್ ನೇತಾಕ್ತೀವಿ ಸಾರ್. ಟವಲ್ ಇದ್ರೆ ಯಾರೂ ಮುಟ್ಟಲ್ಲ. ಇವತ್ತಿನ ಗಂಟ ಒಂದ್ ಸಲಾನೂ ತಪ್ಪಿಲ್ಲ."

ಊರೆಲ್ಲ ಹೌದೌದು ಎಂದಿತು. ಎಂಜಿನಿಯರು ನಕ್ಕು ಲೈನ್‌ಮ್ಯಾನ್ ಮುಖ ನೋಡಿದರು. ಅವನೂ ನಕ್ಕ. ಅವನಿಗೂ ಒಂದು ಊರಿನ ಓಡಾಟ ತಪ್ಪುತ್ತದಲ್ಲ. ಬೀಗದ ಕೈ ಇವರ ಕೈಗೆ ಬರುವುದು ಖಂಡಿತ ಅನ್ನಿಸಿತು. ಬಂದರೆ ಇವರು ಮತ್ತೆ ಹತ್ತುತ್ತಾರೆ, ನಾನು ಮತ್ತೆ ಬಟ್ಟೆ ಹೊತ್ತುಕೊಂಡು ಕಾಯುತ್ತೇನೆ. ಈಗ ಒಂದಲ್ಲ, ಊರ ಸುತ್ತ ಎಷ್ಟೋ ಸ್ವಿಚ್ಚು. ಎಲ್ಲಿ ಎಂದು ಕೂರಲಿ?

ಹೆಂಗಸರ ಹಿಂದಿನ ಸಾಲಿನಿಂದ ಎದ್ದೆ. "ತಪ್ಪೈತೆ" ಎಂದೆ.

ಎಲ್ಲರೂ ತಿರುಗಿದರು. ಸೆರಗು ಹೊದ್ದುಕೊಂಡೇ ಹೇಳಿದೆ. "ಒಂದ್ ಸಲ ತಪ್ಪೈತೆ. ಟವಲ್ ನಾನೇ ತೆಗುದ್ಬುಟ್ಟೆ. ಒಗಿಯಾಕೆ. ಇವ್ರು ಮ್ಯಾಲೇ ಇದ್ರು."

ಯಾರೋ ನಕ್ಕರು, ತಮಾಷೆ ಅಂದುಕೊಂಡಿರಬೇಕು. ಆಗ ಮುಂದಿನ ಸಾಲಿನಲ್ಲಿ ದೊಡ್ಡಮಾವ ಕೋಲೂರಿ ನಿಧಾನಕ್ಕೆ ಎದ್ದರು. "ಸೊಸೆ ಹೇಳಾದ್ ದಿಟ. ಹ್ಯಾಂಡ್ಲ್ ಮ್ಯಾಲೆ ಇದ್ದುದ್ ನನ್ ಕೈ. ಇವ್ಳು ಕೂಗ್ದೆ ಇದ್ದಿದ್ರೆ ಎತ್ಬುಡ್ತಿದ್ದೆ." ಅಷ್ಟು ಹೇಳಿ ಕೂತರು. ಆಮೇಲೆ ಯಾರೂ ನಗಲಿಲ್ಲ.

ನನ್ನ ಗಂಡ ನನ್ನ ಕಡೆ ನೋಡುತ್ತ ನಿಂತೇ ಇದ್ದರು. ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಹೆಗಲ ಮೇಲಿನ ಟವಲ್ಲನ್ನು ತೆಗೆದು ಮಡಿಸಲು ಹೋದರು, ಮಡಿಸಲಾಗಲಿಲ್ಲ. ದೊಡ್ಡಮಾವ ಅಂದು ಹೇಳಿದ್ದು ನಿಜ. ಕೈ ನಡುಗುತ್ತಿತ್ತು. ಎಂಜಿನಿಯರು ಬೀಗದ ಕೈಗಳ ಗೊಂಚಲನ್ನು ಲೈನ್‌ಮ್ಯಾನ್ ಕೈಗೆ ಹಾಕಿದರು. ಇವರು ಮತ್ತೆ ಕೇಳಲಿಲ್ಲ.

ಎರಡು ದಿನ ನಮ್ಮಿಬ್ಬರ ನಡುವೆ ಮಾತಿಲ್ಲ. ಮೂರನೆಯ ದಿನ ಬೆಳಿಗ್ಗೆ ತಿರುವಿನ ತೊಟ್ಟಿಯಲ್ಲಿ ನಾನು ಒಗೆಯುತ್ತಿದ್ದೆ. ಹಳೆಯ ಹ್ಯಾಂಡಲ್ ಇದ್ದ ಕಂಬ ಬೋಳಾಗಿ ನಿಂತಿತ್ತು. ಇವರು ಹೊಲದ ಕಡೆಯಿಂದ ಬಂದು ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. ನಾಲ್ಕು ವರ್ಷ ನಾನು ಇಲ್ಲಿ ಕೂತಿದ್ದು ಯಾತಕ್ಕೆಂದು ಲೆಕ್ಕ ಹಾಕುತ್ತಿದ್ದರೋ ಏನೋ, ಒಮ್ಮೆ ಕಂಬ ನೋಡಿದರು, ಒಮ್ಮೆ ಹುಣಸೆಮರದ ಕಡೆ ನೋಡಿದರು. ಆಮೇಲೆ ಹೆಗಲಿನ ಟವಲ್ಲು ತೆಗೆದು ನನ್ನ ಬಕೆಟ್ಟಿಗೆ ಹಾಕಿದರು.

"ಒಗಿ ಕಣಮ್ಮಿ" ಎಂದರು. "ನಾನು ನೆಲದ್ ಮ್ಯಾಲೇ ಇವ್ನಿ."