ಹಣ್ಣಾದ ಹುಳು, ಮುಚ್ಚಿದ ಗೇಟು

ಚುನಾವಣೆಯ ಕಾವಿಗೆ ನಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಎರಡು ಬಣವಾಗಿ, ಪರೀಕ್ಷೆಯ ಹಿಂದಿನ ದಿನ ಗೇಟಿಗೆ ಅಡ್ಡ ಕೂತುಬಿಟ್ಟರು. ಪೊಲೀಸರನ್ನು ಕರೆಸಿ ಎಂದು ಸರ್ಕಾರದ ಮೇಲಿನವರದು ಫೋನಿನಲ್ಲಿ ಒಂದೇ ಸಮ ಒತ್ತಾಯ. ನನ್ನ ಮಕ್ಕಳ ಮೇಲೆ ಲಾಠಿಯೇ? ಕುಲಪತಿಯಾದ ನನಗೆ ಮೈಯೆಲ್ಲ ಉರಿಯಿತು.

ನಾನೇ ಗೇಟಿನ ಬಳಿಗೆ ಹೋದೆ. ಅಷ್ಟರಲ್ಲಿ ಒಂದು ಬಣದ ನಾಯಕಿಗೆ ಮಂಡಿಕಲ್ ಕಡೆಯ ಹಳ್ಳಿಯಿಂದ ಅಮ್ಮನ ಫೋನ್ ಬಂತು; ಅಮ್ಮನ ದನಿ ಸುತ್ತಲಿದ್ದವರಿಗೆಲ್ಲ ಕೇಳಿಸಿತು. ರೇಷ್ಮೆಹುಳು ಹಣ್ಣಾಗಿವೆ, ಗೂಡು ಕಟ್ಟಲು ಇವತ್ತೇ ಬಿದಿರಿನ ಚಂದ್ರಿಕೆ ತಟ್ಟೆಗಳಿಗೆ ಬಿಡಬೇಕು, ಜನ ಸಾಲದು. ಹುಡುಗಿಯ ಕಣ್ಣು ತುಂಬಿದರೂ ಕದಲಲಿಲ್ಲ. ಎದ್ದರೆ ಸೋತಂತೆ.

ನಾನು ಶಿಡ್ಲಘಟ್ಟದವಳು. ಹುಳು ಹಣ್ಣಾದ ಮನೆಗೆ ನಮ್ಮಲ್ಲಿ ಮಾತು ಬಿಟ್ಟವರೂ ಕೈಜೋಡಿಸಲು ಹೋಗುತ್ತಾರೆ.

"ಏನಪ್ಪಾ, ಹುಳ ಹಣ್ಣಾಗಿರೋದು ಕೇಳಿಸ್ಲಿಲ್ವಾ?" ಎಂದು, ರೇಷ್ಮೆ ಬೆಳೆಯುವ ಊರಿನವನೇ ಆದ ಎದುರು ಬಣದ ನಾಯಕನನ್ನು ಗದರಿದೆ. "ನಿಮ್ಮೂರಲ್ಲಿ ಹಿಂಗೇ ಕೂತಿರ್ತಾರಾ?"

ಅವನು ದಡಕ್ಕನೆ ಎದ್ದ. ಆಮೇಲೆ ತನ್ನವರತ್ತ ತಿರುಗಿ, "ಏಳ್ರೋ, ಹೋಗಣ" ಎಂದ.

ವಿಶ್ವವಿದ್ಯಾಲಯದ ಬಸ್ಸಿನಲ್ಲಿ ಎರಡೂ ಬಣದವರನ್ನು ನಾನೇ ಕರೆದೊಯ್ದೆ. ಹುಳುಮನೆಯಲ್ಲಿ ಒಂದು ಘೋಷಣೆಯಿಲ್ಲ. ಒಬ್ಬರು ಆರಿಸಿಕೊಟ್ಟ ಹುಳುವನ್ನು ಇನ್ನೊಬ್ಬರು ಚಂದ್ರಿಕೆಗೆ ಬಿಡುತ್ತಿದ್ದರು. ಮರುದಿನ ಪರೀಕ್ಷೆ ನಡೆದೇ ನಡೆಯಿತು.

ಮೇಲಿನವರು ಮತ್ತೆ ಫೋನ್ ಮಾಡಿದರು. "ಗೇಟು ತೆಗೆಸೋಕೆ ಎಷ್ಟು ಪೊಲೀಸ್ರು ಬೇಕಾದ್ರು ಮೇಡಂ?"

"ರೇಷ್ಮೆಹುಳಾನೇ ಸಾಕಾಯ್ತು ಸಾರ್" ಎಂದೆ.