ಕಿಟಕಿಯಾಚೆ ಕಲಿತ ಲೊಸಲೀನಿ

ನಮ್ಮ ದ್ವೀಪದೇಶದ ರಾಜಧಾನಿ ನುಕುಅಲೋಫಾದ ಕಾಲೇಜಿನಲ್ಲಿ, ದಾಖಲಾತಿ ಕಿಟಕಿಯ ಹಿಂದೆ ಹತ್ತೊಂಬತ್ತು ವರ್ಷದಿಂದ ಕೂತಿದ್ದೇನೆ. ಮೊದಲ ಹಂತ ಓದದೆ ನೇರ ಎರಡನೆಯದಕ್ಕೆ ಹಾರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಲೊಸಲೀನಿ ಬಂದಾಗಲೂ ಉರಿಯಿತು.

ಅವಳು ಹೆರಿಗೆ ವಾರ್ಡಿನ ಆಯಾ. ಇಪ್ಪತ್ತು ವರ್ಷ ಬಾಣಂತಿಯರ ಬೆನ್ನು ತಿಕ್ಕಿ, ನರ್ಸುಗಳಿಂದ ಬೈಸಿಕೊಂಡು, ಈಗ ತಾನೂ ಸೂಲಗಿತ್ತಿ ತರಬೇತಿಗೆ ಸೇರಲೇಬೇಕೆಂದು ಹಟ ಹಿಡಿದಿದ್ದಳು. ಅದಕ್ಕೆ ನಮ್ಮಲ್ಲಿ ಎರಡನೇ ಹಂತದ ಜೀವಶಾಸ್ತ್ರ ಪಾಸಾಗಿರಬೇಕು. ಈ ವರ್ಷವೇ ಪಾಸಾಗದಿದ್ದರೆ ವಯಸ್ಸಿನ ಮಿತಿ ದಾಟುತ್ತದೆ. ಇದೇ ಕೊನೆಯ ಅವಕಾಶ.

“ಮೊದಲನೇದು ಮುಗಿಸ್ಕೊಂಡು ಬಾರಮ್ಮ,” ಎಂದೆ.

“ಅದನ್ನ ಕಲಿಸೋನು ಯಾರು ಗೊತ್ತೇನೋ? ನನ್ನ ತಮ್ಮ ಫೆಲೆತಿ! ಅವನು ಗರ್ಭಕೋಶದ ಚಿತ್ರ ಬರೀಬೇಕು, ನಾನು ಎದುರಿಗೆ ಕೂತು ನೋಡ್ಬೇಕಾ? ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ!”

ಅಕ್ಕ ತಮ್ಮ ಒಂದೇ ಕೋಣೆಯಲ್ಲಿ ಕೂತು ಟಿವಿ ಕೂಡ ನೋಡದ ಊರು ನಮ್ಮದು. ಮೊದಲನೆಯದನ್ನು ಬಿಡಲು ವಿನಾಯಿತಿಯ ಅರ್ಜಿಯನ್ನು ಅವಳ ಕೈಗೆ ಕೊಟ್ಟೆ. ಅದಕ್ಕೂ ಮೊದಲ ಹಂತದ ಮೇಷ್ಟ್ರ, ಅಂದರೆ ಫೆಲೆತಿಯ ಸಹಿಯೇ ಬೇಕಿತ್ತು.

ಫೆಲೆತಿ, ನಮ್ಮಲ್ಲಿ ಮರ್ಯಾದೆಯ ಸಂದರ್ಭಕ್ಕೆ ಉಡುವ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಸಾವಿನ ಮನೆಗೆ ಬಂದವನಂತೆ ನನ್ನ ಕಿಟಕಿಗೆ ಬಂದ.

“ಅಕ್ಕ ಕೇಳಿದ್ಮೇಲೆ ಇಲ್ಲ ಅನ್ನೋಕಾಗುತ್ತಾ? ಆದ್ರೆ ತಳಪಾಯನೇ ಇಲ್ದೆ ಫೇಲಾದ್ರೆ ಆ ಪಾಪ ನನಗೇ ಕಣೋ,” ಎಂದು ಸಹಿ ಹಾಕಿದ.

ಮರುವಾರವೇ ಅವನು ತನ್ನ ತರಗತಿಯನ್ನು ಮಾವಿನ ಮರದ ಪಕ್ಕದ ಕೋಣೆಗೆ ಬದಲಿಸಿ, ಕಿಟಕಿಗಳನ್ನೆಲ್ಲ ತೆರೆಸಿದ. ಪಾಠವೋ, ಕೂಗಾಟವೋ! ಜೀವಕೋಶ ಎಂದರೆ ಬಂದರಿಗೆ ಕೇಳಿಸಬೇಕು. ಮುಂದಿನ ಬೆಂಚಿನವರು ಕಿವಿ ಮುಚ್ಚಿಕೊಂಡರು. ಮರದಡಿಯಲ್ಲಿ, ಕಿಟಕಿಗೆ ಬೆನ್ನು ಹಾಕಿ, ಲೊಸಲೀನಿ ಒಂದೂ ಬಿಡದೆ ಬರೆದುಕೊಳ್ಳುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಕಂಡೇ ಇರಲಿಲ್ಲವಂತೆ! ಒಂದೇ ಕೋಣೆಯಲ್ಲಂತೂ ಇರಲಿಲ್ಲ.

ಏಳನೆಯ ವಾರ ಸಂತಾನೋತ್ಪತ್ತಿಯ ಅಧ್ಯಾಯ ಬಂತು. ಫೆಲೆತಿ ಬೆವೆತುಕೊಂಡು ಓಡಿಬಂದು ಪುಸ್ತಕವನ್ನು ನನ್ನ ಕೈಗೆ ತುರುಕಿದ.

“ಇವತ್ತು ನೀನು ಓದಪ್ಪ. ನಾನು ಬಂದರಿನ ಕಡೆ ಹೋಗಿರ್ತೀನಿ.”

ನಾನು ಚರ್ಚಿನಲ್ಲಿ ವಾಕ್ಯ ಓದುವವನು. ಅದೇ ರಾಗದಲ್ಲಿ ಓದಿದೆ. ಅರ್ಧಕ್ಕೆ ಹೊರಗಿನಿಂದ ಗಹಗಹಿಸಿದ ನಗು.

“ಅಯ್ಯೋ, ನಿಲ್ಸೋ ಸಾಕು! ಬಸಿರೇ ಆಗ್ಲಿಲ್ಲ, ಆಗಲೇ ಮಗು ಹೊರಗೆ ಬಂತಾ?”

ನಾಚಿಕೆಗೆ ಎರಡು ಪುಟ ಒಟ್ಟಿಗೆ ಮಗುಚಿದ್ದೆ. ತಮ್ಮ ಬಂದರಿನ ಕಡೆ ಹೋಗಿದ್ದನಲ್ಲ, ಅವಳು ಸೊಂಟ ಕಟ್ಟಿ ಒಳಗೇ ಬಂದಳು. ಸೀಮೆಸುಣ್ಣ ಕಸಿದುಕೊಂಡು, ಆ ಇಡೀ ಅಧ್ಯಾಯವನ್ನು ತಾನೇ ಕಲಿಸಿದಳು. ಅಂದು ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ.

ವರ್ಷದ ಕೊನೆಗೆ ಎರಡನೇ ಹಂತದ ಜೀವಶಾಸ್ತ್ರದ ಫಲಿತಾಂಶ ಬಂತು. ಪಾಸಾಗಲು ಐವತ್ತು ಬೇಕು, ಅವಳಿಗೆ ಐವತ್ತೊಂದು. ಕಿಟಕಿಯ ಸರಳು ಹಿಡಿದು ಅವಳು ಅತ್ತಳು. ಮರುದಿನ ಬುಟ್ಟಿ ತಂದಿಟ್ಟಳು. ಕೆಸುವಿನೆಲೆಯಲ್ಲಿ ಸುತ್ತಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಮಾಂಸ, ಇನ್ನೂ ಬಿಸಿ.

“ಗಂಟಲು ಹರ್ಕೊಂಡ ಮೇಷ್ಟ್ರಿಗೆ ಕೊಡು. ಇನ್ಮೇಲೆ ಮೆತ್ತಗೆ ಕಲಿಸು ಅನ್ನು. ಮರದಡಿ ಯಾರೂ ಇರಲ್ಲ.”

ಹೇಳಿದೆ. ಫೆಲೆತಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತ. ಅವನ ಕಣ್ಣು ತುಂಬಿತ್ತು, ನನಗೂ ತಡೆಯಲಾಗಲಿಲ್ಲ.

ಮುಂದಿನ ವರ್ಷವೂ ಅವನು ಅದೇ ಕೋಣೆಯಲ್ಲಿ, ಕಿಟಕಿಗಳನ್ನೆಲ್ಲ ತೆರೆದು, ಹಾಗೇ ಕೂಗಿ ಪಾಠ ಮಾಡಿದ.