ಯಂತ್ರ ಒಪ್ಪದ ಬೆರಳು

ಸತ್ತವರು ಕಂಡರು, ಯಾರೋ ಕರೆದಂತಾಯಿತು ಎಂಬ ಮಾತು ಶುರುವಾದರೆ ಎದ್ದು ಹೋಗುವ ಪೈಕಿಯವಳು ನಾನು. ನಾನು ಕಲಿತ ಕೆಲಸವೇ ಅಂಥದು. ಕಂಪ್ಯೂಟರ್ ಏನೇ ಮಾಡಿದರೂ ಅದಕ್ಕೊಂದು ಕಾರಣ ಇರುತ್ತದೆ. ಸಿಗಲಿಲ್ಲವೆಂದರೆ ನಾವು ಹುಡುಕಿದ್ದು ಸಾಲದು ಎಂದರ್ಥ. ಇಷ್ಟು ವರ್ಷ ಈ ನಂಬಿಕೆಯ ಮೇಲೆಯೇ ಅನ್ನ ತಿಂದಿದ್ದೇನೆ. ಈಗ ಹೇಳಹೊರಟಿರುವ ಸಂಗತಿಗೆ ಮಾತ್ರ ಎಷ್ಟು ಹುಡುಕಿದರೂ ಕಾರಣ ಸಿಕ್ಕಿಲ್ಲ. ನೀವು ನಂಬಲೇಬೇಕೆಂದು ನಾನೇನೂ ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ಆಗ ನಾನು ರಾಯದುರ್ಗದ ಒಂದು ಜೀನ್ಸ್ ಘಟಕದಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗ ಎಂದರೆ ನಾನೊಬ್ಬಳೇ. ಆರ್ಡರು, ಸ್ಟಾಕು, ಮುನ್ನೂರು ಜನರ ಹಾಜರಿ, ಎಲ್ಲವೂ ಒಂದೇ ಸರ್ವರಿನಲ್ಲಿ. ಗೇಟು ದಾಟಿದೊಡನೆ ಸಿಗುವ ಓಣಿಯ ಗೋಡೆಗೆ ಬೆರಳಚ್ಚಿನ ಯಂತ್ರ ಹಾಕಿತ್ತು. ಬೆರಳು ಒಪ್ಪಿಗೆಯಾದರೆ ಹಸಿರು ದೀಪ ಹತ್ತಿ ‘ಥ್ಯಾಂಕ್ಯೂ’ ಎನ್ನುತ್ತಿತ್ತು. ಆಗದಿದ್ದರೆ ‘ಪ್ಲೀಸ್ ಟ್ರೈ ಅಗೇನ್’.

ಗಂಗಮ್ಮನ ಬೆರಳನ್ನು ಅದು ಒಪ್ಪುತ್ತಿರಲಿಲ್ಲ. ಮಡಕಶಿರಾ ಕಡೆಯ ರೊಳ್ಳದ ಹೆಂಗಸು, ನಲವತ್ತೈದರ ಆಸುಪಾಸು. ರಾಯದುರ್ಗಕ್ಕೆ ಕೊಟ್ಟ ತಂಗಿಯ ಮನೆಯಲ್ಲಿದ್ದುಕೊಂಡು ನಮ್ಮಲ್ಲಿಗೆ ಬರುತ್ತಿದ್ದಳು. ಹೊಸ ಪ್ಯಾಂಟಿನ ತೊಡೆಯನ್ನು ಎಮರಿ ಪೇಪರಿನಿಂದ ಉಜ್ಜಿ ಉಜ್ಜಿ ಹಳೆಯದರಂತೆ ಬಣ್ಣ ತೆಗೆಯುವುದು ಅವಳ ಕೆಲಸ. ಸೇರಿದ ದಿನ ಹೇಗೋ ಅಚ್ಚು ಸಿಕ್ಕಿತ್ತು. ಎರಡು ತಿಂಗಳಲ್ಲಿ ಹತ್ತೂ ಬೆರಳು ಗೆರೆ ಸವೆದು ಗಾಜಿನಂತಾದವು. ಅಂಥವರು ಆರೇಳು ಜನ ಇದ್ದರು. ದಿನವೂ ಮೇಸ್ತ್ರಿಯ ಸಹಿ ಮಾಡಿಸಿದ ಚೀಟಿ ತಂದು ನನಗೆ ಕೊಡಬೇಕು, ನಾನು ಕೈಯಾರೆ ಹಾಜರಿ ಹಾಕಬೇಕು. ಗಂಗಮ್ಮ ಬಾಗಿಲಲ್ಲೇ ನಿಂತು ಕೆಮ್ಮುತ್ತ ನಗುತ್ತಿದ್ದಳು.

“ದಿನಾ ಪ್ಲೀಸು ಪ್ಲೀಸು ಅಂತ ಬೇಡ್ಕಂತೈತೆ ಕಣವ್ವ. ನಾನೇನ್ ಮಾಡ್ಲಿ, ಬೆರಳೇ ಇಲ್ಲ.”

ಆ ವರ್ಷ ನಮ್ಮ ಸರ್ವರಿನ ಕರ್ನೆಲ್ಲಿನಲ್ಲಿ ಒಂದು ದೊಡ್ಡ ತೂತು ಇದೆಯೆಂದು ಎಚ್ಚರಿಕೆ ಬಂತು. ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಅಲ್ಲಿ ತೂತಾದರೆ ಸಾಮಾನ್ಯ ಪಾಸ್‌ವರ್ಡ್ ಇದ್ದವನೂ ಇಡೀ ಯಂತ್ರಕ್ಕೆ ಯಜಮಾನನಾಗಬಹುದು. ಅದಕ್ಕೆ ಪ್ಯಾಚ್ ಹಾಕಬೇಕು, ಹಾಕಿದ ಮೇಲೆ ಸರ್ವರನ್ನು ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ನಿಲ್ಲಿಸುವ ಮಾತೆತ್ತಿದರೆ ಮ್ಯಾನೇಜರ್ ಕೈಮುಗಿಯುತ್ತಿದ್ದರು. “ಆಗಂಗಿಲ್ರಿ, ಲೋಡ್ ಹೋಗೋದೈತಿ.” ಕಡೆಗೆ ಬಳ್ಳಾರಿ ಕಡೆಯ ಯಾವುದೋ ಘಟಕಕ್ಕೆ ಹೊರಗಿನವರು ನುಗ್ಗಿ ಫೈಲುಗಳನ್ನೆಲ್ಲ ಕೆಡಿಸಿದರೆಂಬ ಸುದ್ದಿ ಬಂದ ಮೇಲೆ ಹೆದರಿ ಒಪ್ಪಿದರು.

ನಾನು ಆ ದಿನ ಸಂಜೆ ಪ್ಯಾಚ್ ಹಾಕಲು ಕೂತಾಗ ಗಂಗಮ್ಮ ಚೀಟಿ ಹಿಡಿದು ಬಂದಿದ್ದಳು. ಏನು ಮಾಡುತ್ತಿದ್ದೀಯೆಂದು ಕೇಳಿದಳು. ತೇಪೆ ಹಾಕ್ತಿದೀನಿ ಎಂದೆ.

“ಕಂಪ್ಯೂಟ್ರಿಗೂ ತೇಪೆ ಹಾಕ್ತಾರಾ! ನಾವಲ್ಲಿ ಹೊಸಾ ಬಟ್ಟೆ ಹರಿಯಾದು, ನೀನು ಇಲ್ಲಿ ಹೊಲಿಯಾದು,” ಎಂದು ನಕ್ಕು ಹೋದಳು. ಅವಳ ನಗು ನಾನು ಕಂಡದ್ದು ಅದೇ ಕೊನೆ.

ಆ ಪ್ಯಾಚ್ ಕೆಟ್ಟಿತು. ಹೊಸ ಕರ್ನೆಲ್ಲಿಗೂ ನಮ್ಮ ಹಳೆಯ ನೆಟ್‌ವರ್ಕ್ ಕಾರ್ಡಿಗೂ ಹೊಂದಲಿಲ್ಲ. ಬೆಳಗಾದರೆ ಸರ್ವರಿಗೆ ಗೇಟಿನ ಯಂತ್ರವೂ ಸಿಗದು, ಆಫೀಸಿನ ಕಂಪ್ಯೂಟರುಗಳೂ ಸಿಗವು. ಮೂರು ದಿನ ನಾನು ಸರ್ವರಿನ ಕೋಣೆ ಬಿಟ್ಟು ಅಲ್ಲಾಡಲಿಲ್ಲ. ಮ್ಯಾನೇಜರ್ ಅರ್ಧ ಗಂಟೆಗೊಮ್ಮೆ ಬಂದು ಎಲ್ಲರೆದುರಿಗೂ ಬೈಯುತ್ತಿದ್ದರು. ಮೂರನೆಯ ದಿನ ನಾನು ಫೋನನ್ನು ಕಿವಿಗೂ ಹೆಗಲಿಗೂ ಒತ್ತಿ ಹಿಡಿದು ಕೂತಿದ್ದಾಗ ಗಂಗಮ್ಮ ಬಂದಳು.

“ಮೂರ್ ದಿನದ್ದೂ ಐತೆ ಕಣವ್ವ. ಒಂಚೂರು ಹಾಕ್ಬಿಡು.”

“ಅಕ್ಕ, ಈಗ ಬ್ಯಾಡ್ರಿ. ಅಲ್ಲಿಟ್ಟು ಹೋಗ್ರಿ, ಆಮ್ಯಾಲ ಹಾಕ್ತೀನಿ,” ಎಂದೆ. ತಿರುಗಿಯೂ ನೋಡಲಿಲ್ಲ.

ಆ ಸಂಜೆ ಹಳೆಯ ಕರ್ನೆಲ್ಲಿಗೇ ವಾಪಸು ಹೋದೆ. ಗೇಟಿನ ಯಂತ್ರ ತನ್ನೊಳಗೆ ಕೂಡಿಟ್ಟುಕೊಂಡಿದ್ದ ಮೂರು ದಿನದ ಹಾಜರಿ ತಾನಾಗಿಯೇ ಬಂದು ಸೇರಿತು. ಯಾರದೂ ನಷ್ಟವಾಗಲಿಲ್ಲ, ಚೀಟಿಯವರದು ಬಿಟ್ಟು. ಅವರಲ್ಲಿ ಉಳಿದವರು ಬಂದು ಜಗಳ ಮಾಡಿ ಹಾಕಿಸಿಕೊಂಡರು. ಗಂಗಮ್ಮ ಜಗಳ ಮಾಡುವವಳಲ್ಲ. ಅವಳ ಚೀಟಿಗಳನ್ನು ನಾನು ಬೇರೆ ಕಾಗದಗಳ ಜೊತೆ ಬಾಚಿ ಡ್ರಾಯರಿಗೆ ತಳ್ಳಿದ್ದೆ. ಹೇಳದೆ ಮೂರು ದಿನ ತಪ್ಪಿಸಿದವರ ಪಟ್ಟಿಯನ್ನು ವಾರದ ಕೊನೆಗೆ ಮ್ಯಾನೇಜರಿಗೆ ಕೊಡುವುದು ನನ್ನ ಕೆಲಸ. ಓದದೆ ಪ್ರಿಂಟ್ ತೆಗೆದು ಕೊಟ್ಟೆ. ಸಹಿ ಹಾಕಿದ್ದ ಮೇಸ್ತ್ರಿ ಆಗಲೇ ರಜೆ ಹಾಕಿ ಊರಿಗೆ ಹೋಗಿದ್ದ. ಅವನ ಜಾಗಕ್ಕೆ ಬಂದವನಿಗೆ ಗಂಗಮ್ಮ ಯಾರೆಂದೇ ತಿಳಿಯದು. ಸೋಮವಾರ ಅವಳನ್ನು ಗೇಟಿನಲ್ಲೇ ನಿಲ್ಲಿಸಿ ಕಳಿಸಿದರು.

ಚೀಟಿಗಳು ನನ್ನ ಕೈಗೆ ಸಿಕ್ಕಿದ್ದು ಬುಧವಾರ. ಆಗಲಾದರೂ ಹೋಗಿ ಹೇಳಬಹುದಿತ್ತು. ಮೊದಲೇ ಬೈಸಿಕೊಂಡಿದ್ದೆ, ಇನ್ನೊಂದು ತಪ್ಪು ಒಪ್ಪಿಕೊಳ್ಳಲು ಧೈರ್ಯ ಬರಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಅವಳ ನಂಬರು ತೆಗೆಯಿರಿ ಎಂದು ಆಫೀಸಿನಿಂದ ಚೀಟಿ ಬಂತು. ಗೇಟಿನ ಯಂತ್ರದಿಂದ ಇನ್ನೂರ ಹದಿನಾಲ್ಕನ್ನು ನಾನೇ ಅಳಿಸಿದೆ.

ಗಂಗಮ್ಮ ರೊಳ್ಳಕ್ಕೆ ಹೋದಳಂತೆ. ತಿಂಗಳು ತುಂಬುವ ಮೊದಲೇ ಉಸಿರಾಟದ ತೊಂದರೆಯಲ್ಲಿ ತೀರಿಕೊಂಡಳು. ಅವಳ ತಂಗಿ ಬಂದು ವಾಚ್‌ಮನ್ ತಿಪ್ಪೇಸ್ವಾಮಿಯ ಹತ್ತಿರ ಹೇಳಿ ಹೋಗಿದ್ದಳು. ಕೆಲಸ ಹೋದದ್ದಕ್ಕೇ ಸತ್ತಳು ಎಂದು ನಾನು ಹೇಳಲಾರೆ. ಅಲ್ಲವೆಂದೂ ಹೇಳಲಾರೆ.

ಅದಾದ ಎರಡನೆಯ ಭಾನುವಾರ ಮತ್ತೆ ಪ್ಯಾಚ್ ಹಾಕಲು ಹೋದೆ. ಈ ಸಲ ಬೇರೆ ಕಾರ್ಡ್ ತರಿಸಿ ಸಿದ್ಧಳಾಗಿದ್ದೆ. ಘಟಕಕ್ಕೆ ರಜೆ. ಬೆಳಿಗ್ಗೆಯಿಂದ ಮೋಡ ಮುಚ್ಚಿ, ಮಳೆ ಬಾರದೆ, ಬರಿಯ ದೂಳುಗಾಳಿ. ಸಾಲುಸಾಲು ಹೊಲಿಗೆ ಯಂತ್ರಗಳ ಮೇಲೆ ಬಟ್ಟೆ ಹೊದಿಸಿತ್ತು. ಒಳಗೆ ಇದ್ದವರು ನಾನು ಮತ್ತು ತಿಪ್ಪೇಸ್ವಾಮಿ, ಇಬ್ಬರೇ. ಅವನು ಭೈರವಾನಿತಿಪ್ಪದ ಕಡೆಯವನು, ಅರವತ್ತು ದಾಟಿದವನು, ಮಾತು ಕಡಿಮೆ. ಗೇಟಿಗೆ ಒಳಗಿನಿಂದ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಯಾರೂ ನುಗ್ಗದಿರಲೆಂದು ಹೊರಗಿನ ಇಂಟರ್ನೆಟ್ ವೈರನ್ನು ನಾನು ಮೊದಲೇ ಕಿತ್ತಿಟ್ಟಿದ್ದೆ.

ಹನ್ನೊಂದು ಗಂಟೆ ದಾಟಿತ್ತು. ಸರ್ವರ್ ನಿಂತು ಮತ್ತೆ ಶುರುವಾಯಿತು. ಹೊಸ ಕರ್ನೆಲ್ಲಿನ ಸಂಖ್ಯೆ ತೆರೆಯ ಮೇಲೆ ಬಂತು, ಗೇಟಿನ ಯಂತ್ರವೂ ಸೇರಿಕೊಂಡಿತು. ತೂತು ಮುಚ್ಚಿತು ಎಂದು ಉಸಿರು ಬಿಟ್ಟೆ. ತಿಪ್ಪೇಸ್ವಾಮಿ ಚಹಾ ತಂದು ನನ್ನ ಪಕ್ಕದಲ್ಲೇ ನಿಂತಿದ್ದ. ಆಗ ಓಣಿಯಿಂದ ಸ್ಪಷ್ಟವಾಗಿ ಕೇಳಿಸಿತು:

‘ಥ್ಯಾಂಕ್ಯೂ.’

ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ.

“ಯಾರೋ ಬಂದಾರ್ರಿ ಮೇಡಂ,” ಎಂದ. ಮರುಗಳಿಗೆಗೇ, “ಕೀಲಿ ನನ್ನತ್ರ ಐತಲ್ರಿ,” ಎಂದ.

ಇಬ್ಬರೂ ಹೋದೆವು. ಓಣಿಯಲ್ಲಿ ಯಾರೂ ಇಲ್ಲ. ಗೇಟಿಗೆ ಬೀಗ ಹಾಗೇ ಇತ್ತು. ಯಂತ್ರದ ಹಸಿರು ದೀಪ ಆಗತಾನೆ ಆರುತ್ತಿತ್ತು. ತಿಪ್ಪೇಸ್ವಾಮಿ ಪಾಯಖಾನೆಯವರೆಗೂ ಹೋಗಿ ನೋಡಿ ಬಂದ. ನಾನು ಕೋಣೆಗೆ ಮರಳಿ ಹಾಜರಿಯ ಪಟ್ಟಿ ತೆರೆದೆ. ಆ ದಿನದ ತಾರೀಖಿನಲ್ಲಿ ಒಂದೇ ಒಂದು ಸಾಲು. ವೇಳೆ ಆಗಿನದೇ. ಹೆಸರಿನ ಜಾಗ ಖಾಲಿ. ನಂಬರು ಇನ್ನೂರ ಹದಿನಾಲ್ಕು. ಬೆರಳಚ್ಚಿನಿಂದ ಎಂದು ನಮೂದಾಗಿತ್ತು.

ತಿಪ್ಪೇಸ್ವಾಮಿ ಬಗ್ಗಿ ನೋಡಿದ. ಅವನಿಗೆ ಅಂಕಿ ಓದಲು ಬರುತ್ತಿತ್ತು; ಒಳಗೆ ಬಿಡಬಾರದೆಂದು ಅವನಿಗೆ ಕೊಟ್ಟಿದ್ದ ನಂಬರೂ ಅದೇ. “ಆಕಿದಲ್ರಿ?” ಎಂದ. ನಾನು ತಲೆಯಾಡಿಸಿದೆ. “ಅವತ್ತು ಗೇಟಿನಾಗ ತಡದವ ನಾನ ಅಲ್ಲೇನ್ರಿ,” ಎಂದವನು ಚಹಾದ ಲೋಟಗಳನ್ನೂ ಬಿಟ್ಟು ಹೊರಗೆ ಹೋಗಿ ಕೂತ. ಆಮೇಲೆ ಅವನು ಆ ವಿಷಯ ನನ್ನೊಡನೆ ಒಮ್ಮೆಯೂ ಎತ್ತಲಿಲ್ಲ.

ನಾನು ಸುಮ್ಮನೆ ಕೂರಲಿಲ್ಲ. ಯಂತ್ರದ ಕಂಪನಿಯವರನ್ನು ಕೇಳಿದೆ, ಹಳೆಯ ದಾಖಲೆ ಉಳಿದಿರಬೇಕು ಎಂದರು. ಹಳೆಯದಾದರೆ ಅವತ್ತಿನ ವೇಳೆ ಎಲ್ಲಿಂದ ಬಂತು? ಯಾರೋ ನುಗ್ಗಿ ಬರೆದಿರಬಹುದೇ ಎಂದರೆ, ತೂತು ಆಗತಾನೆ ಮುಚ್ಚಿತ್ತು, ವೈರು ನನ್ನ ಮೇಜಿನ ಮೇಲೆ ಬಿದ್ದಿತ್ತು. ಸರ್ವರಿನಲ್ಲಿ ಸುಳ್ಳು ಸಾಲು ಬರೆಯಬಹುದು ಎಂದೇ ಇಟ್ಟುಕೊಳ್ಳಿ, ಗೋಡೆಯ ಮೇಲಿನ ಯಂತ್ರ ದನಿ ತೆಗೆಯಬೇಕಾದರೆ ಅದರ ಗಾಜಿನ ಮೇಲೆ ಬೆರಳು ಇರಬೇಕು. ಆಮೇಲೆ ಬೇರೆ ಊರುಗಳಲ್ಲಿ ನನಗಿಂತ ತಿಳಿದವರ ಜೊತೆ ಕೆಲಸ ಮಾಡಿದೆ. ಅವರೂ ಒಂದೊಂದು ಕಾರಣ ಹೇಳಿದರು. ಯಾವುದೂ ಪೂರ್ತಿ ಕೂಡಿಬರಲಿಲ್ಲ.

ತಡೆಯಲಾಗದೆ ಒಂದು ದಿನ ಮಡಕಶಿರಾಕ್ಕೆ ಬಸ್ಸು ಹಿಡಿದು, ಅಲ್ಲಿಂದ ರೊಳ್ಳಕ್ಕೆ ಹೋದೆ. ಗಂಗಮ್ಮನ ಮಗಳು ಹಿಪ್ಪುನೇರಳೆ ಸೊಪ್ಪು ಕತ್ತರಿಸಿ ರೇಷ್ಮೆಹುಳಕ್ಕೆ ಹಾಕುತ್ತಿದ್ದಳು. ಇಪ್ಪತ್ತರ ಹುಡುಗಿ. ಚೀಟಿಯ ವಿಷಯ, ಡ್ರಾಯರಿನ ವಿಷಯ, ನಾನು ಬಾಯಿ ಮುಚ್ಚಿಕೊಂಡಿದ್ದ ವಿಷಯ ಎಲ್ಲ ಹೇಳಿದೆ. ಬೈಯಲಿ ಎಂದೇ ಹೋಗಿದ್ದೆ. ಅವಳು ಕೈಕೆಲಸ ನಿಲ್ಲಿಸದೆ ಕೇಳಿಸಿಕೊಂಡಳು. ಭಾನುವಾರದ ಸಂಗತಿ ಹೇಳಿದಾಗ ಮಾತ್ರ ಕುಡುಗೋಲು ಕೆಳಗಿಟ್ಟಳು.

“ಅದೆಂಗಕ್ಕ?” ಎಂದಳು.

“ನಂಗೂ ಗೊತ್ತಿಲ್ಲಮ್ಮ.”

“ಅಂಗಾರೆ ಅವತ್ತು ನಮ್ಮವ್ವಂಗೆ ಹಾಜ್ರಿ ಬಿತ್ತಾ?” ಎಂದು ಕೇಳಿದಳು.

“ಬಿತ್ತು,” ಎಂದೆ.

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಆ ಭಾನುವಾರದ ಮರುದಿನ ಬೆಳಿಗ್ಗೆಯೇ ಮ್ಯಾನೇಜರ್ ಆ ಸಾಲನ್ನು ನೋಡಿ, “ಇದ್ಯಾರ್ದ್ರಿ, ಹೆಸರಿಲ್ಲದ್ದು? ತೆಗೀರಿ ಅದನ್ನ,” ಎಂದಿದ್ದರು. ನಾನು ಒಂದು ಮಾತೂ ಆಡದೆ ಅದನ್ನು ಅಳಿಸಿದ್ದೆ. ಇದೊಂದನ್ನು ಆ ಹುಡುಗಿಗೆ ಹೇಳಲು ನನ್ನಿಂದ ಆಗಲಿಲ್ಲ.